ಧರ್ಮೋಪದೇಶ ತರಗತಿಗೆ ಅಪ್ಪ ಅಮ್ಮಂದಿರೂ ಬರಲಿ

ಮಾನ್ಯ ಸಂಪಾದಕರೇ,

ಭಾನುವಾರವೂ ಮಕ್ಕಳನ್ನು ಕೋಚಿಂಗ್‌ಗೆ ಕಳಿಸುವುದು ಸರಿಯಾ ಎಂದು ಓದುಗರು ಬರೆಯುತ್ತಿರುವ ಪತ್ರಗಳನ್ನು ನಿಮ್ಮ ಪತ್ರಿಕೆಯಲ್ಲಿ ಓದುತ್ತಿದ್ದೇನೆ. ಎಲ್ಲರೂ ಆಟದ ಬಗ್ಗೆ, ನಿದ್ದೆಯ ಬಗ್ಗೆ ಬರೆದಿದ್ದಾರೆ. ಅದು ನಿಜವೇ. ನಾನು ಬರೆಯಬೇಕೆಂದಿರುವುದು ಭಾನುವಾರ ಬೆಳಿಗ್ಗೆ ನಡೆಯುವ ಇನ್ನೊಂದು ಪಾಠದ ಬಗ್ಗೆ.

ದಾವಣಗೆರೆಯ ಒಂದು ಕಥೋಲಿಕ ಚರ್ಚಿನಲ್ಲಿ ನಾನು ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಪ್ರಥಮ ಪರಮಪ್ರಸಾದಕ್ಕೆ ತಯಾರಾಗುವ ಮಕ್ಕಳು ನನ್ನ ತರಗತಿಗೆ ಬರುತ್ತಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆಯಲ್ಲಿ) ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯನ್ನು ಮಗು ಮೊದಲ ಸಲ ಸ್ವೀಕರಿಸುವ ದಿನ ಅದು. ವಾರದ ಉಳಿದ ದಿನಗಳಲ್ಲಿ ನಿಟ್ಟುವಳ್ಳಿಯಲ್ಲಿ ನನ್ನ ಹೊಲಿಗೆ ಅಂಗಡಿ. ಆ ದಿನಕ್ಕೆ ಬೇಕಾದ ಬಿಳಿ ಫ್ರಾಕುಗಳನ್ನು ಹೊಲಿಯುವವಳೂ ನಾನೇ.

ಫ್ರಾಕಿನ ವಿಷಯಕ್ಕೆ ಅಮ್ಮಂದಿರು ಎಷ್ಟು ಸಲ ಬೇಕಾದರೂ ಬರುತ್ತಾರೆ. ಅಳತೆ ಕೊಡಲು ಒಮ್ಮೆ, ನೆಟ್ ಬಟ್ಟೆ ಆರಿಸಲು ಒಮ್ಮೆ, ಟ್ರಯಲ್‌ಗೆ ಒಮ್ಮೆ. ಫ್ರಿಲ್ ಕಡಿಮೆಯಾಯಿತು, ಸೊಂಟದ ಹತ್ತಿರ ಇನ್ನೊಂದು ಹೂವು ಬೇಕು ಎಂದು ಮತ್ತೆ ಬರುತ್ತಾರೆ. ಅದೇ ಅಮ್ಮಂದಿರು ವರ್ಷವಿಡೀ ತರಗತಿಯ ಬಾಗಿಲಿಗೆ ಒಂದು ಸಲವೂ ಬಂದಿರುವುದಿಲ್ಲ. ಅಪ್ಪಂದಿರಂತೂ ಬೈಕ್ ಆಫ್ ಮಾಡುವುದೇ ಇಲ್ಲ. ಮಗುವನ್ನು ಗೇಟಿನಲ್ಲಿ ಇಳಿಸಿ ಹೊರಟುಬಿಡುತ್ತಾರೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಅವರನ್ನು ಹತ್ತಿರದಿಂದ ಬಲ್ಲೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿದ್ದಾರೆ. ಬಟ್ಟೆ ಅಂಗಡಿಗಳಲ್ಲಿ ನಿಂತು ಕೆಲಸ ಮಾಡುವವರಿದ್ದಾರೆ, ಅವರಿಗೆ ಭಾನುವಾರವೇ ವ್ಯಾಪಾರ ಜಾಸ್ತಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ನೇರವಾಗಿ ಚರ್ಚಿಗೆ ಬರುವ ನರ್ಸುಗಳಿದ್ದಾರೆ. ಇಂಥವರಿಗೆ "ಮಕ್ಕಳ ವಿಶ್ವಾಸದ ಬಗ್ಗೆ ನಿಮಗೆ ಕಾಳಜಿ ಇಲ್ಲ" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಳಜಿ ಇಲ್ಲದಿದ್ದರೆ ಇಷ್ಟು ಕಷ್ಟದಲ್ಲಿ ಮಗುವನ್ನು ಗೇಟಿನ ತನಕ ಯಾಕೆ ತಂದು ಬಿಡುತ್ತಿದ್ದರು?

ಅವರನ್ನು ತಡೆಯುತ್ತಿರುವುದು ಬೇರೆಯೇ. ಒಬ್ಬ ತಾಯಿ ಫ್ರಾಕಿನ ಅಳತೆ ಕೊಡಿಸುತ್ತಾ, ಮಗಳಿಗೆ ಕೇಳಿಸದ ಹಾಗೆ ನನಗೆ ಹೇಳಿದರು: "ಟೀಚರ್, ಅವಳು ಪ್ರಶ್ನೆ ಕೇಳ್ತಾಳೆ, ನನಗೇ ಗೊತ್ತಿರಲ್ಲ. ಟೀಚರ್ ಹತ್ರ ಕೇಳು ಅಂತ ಕಳಿಸ್ತೀನಿ." ಈ ಮಾತು ಒಬ್ಬರದಲ್ಲ. ತಮಗೆ ತಿಳಿಯದು, ತಿಳಿದವರು ಚರ್ಚಿನಲ್ಲಿದ್ದಾರೆ, ಹಾಗಾಗಿ ತಮ್ಮ ಕೆಲಸ ಕಳಿಸುವುದಷ್ಟೇ ಎಂದು ಬಹಳ ಜನ ನಂಬಿಬಿಟ್ಟಿದ್ದಾರೆ. ಹಾಗೆ ನಂಬುವಂತೆ ಮಾಡಿದ್ದು ಚರ್ಚುಗಳೇ ಎಂದು ನನಗೆ ಅನಿಸುತ್ತದೆ.

ಧರ್ಮಸಭೆ, ಅಂದರೆ ಇಡೀ ಕಥೋಲಿಕ ಸಭೆ, ಹೇಳುವುದು ಇದಕ್ಕೆ ತದ್ವಿರುದ್ಧ. ಲೋಕದ ಕಥೋಲಿಕ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆದಿತ್ತು. ಮಕ್ಕಳಿಗೆ ಮಾತಿನಿಂದಲೂ ನಡತೆಯಿಂದಲೂ ವಿಶ್ವಾಸವನ್ನು ಮೊದಲು ಸಾರುವವರು ತಂದೆ ತಾಯಿ ಎಂದಿತ್ತು. 1983ರ ಧರ್ಮಸಭೆಯ ಕಾನೂನು ಇನ್ನೂ ಸ್ಪಷ್ಟವಾಗಿದೆ. ಪರಮಪ್ರಸಾದಕ್ಕೆ ಮಗುವನ್ನು ಸರಿಯಾಗಿ ತಯಾರು ಮಾಡುವ ಹೊಣೆಯನ್ನು ಅದು ಮೊದಲು ತಂದೆ ತಾಯಿಯ ಮೇಲೆ, ಜೊತೆಗೆ ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳ ಮೇಲೆ ಹೊರಿಸುತ್ತದೆ. ನನ್ನಂಥ ಟೀಚರ್ ಈ ಇಬ್ಬರಿಗೂ ಕೈಜೋಡಿಸುವವಳು. ಮಗುವನ್ನು ಧರ್ಮಸಭೆಗೆ ಸೇರಿಸುವ ದೀಕ್ಷಾಸ್ನಾನದ ದಿನವೂ ಅಷ್ಟೇ. ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮ್ಮದು, ಗೊತ್ತಿದೆಯೇ ಎಂದು ಗುರುಗಳು ತಂದೆ ತಾಯಿಯನ್ನು ಕೇಳುತ್ತಾರೆ. ಅವರು ಹೌದು ಎನ್ನುತ್ತಾರೆ. ಆಮೇಲೆ ಏಳೆಂಟು ವರ್ಷ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಭಾನುವಾರ ಶಾಲೆ ಹೇಗೆ ಶುರುವಾಯಿತು ಎಂಬುದನ್ನೂ ನೆನೆಯಬೇಕು. ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಎನ್ನುವವರು ಬಡ ಮಕ್ಕಳಿಗಾಗಿ ಇದನ್ನು ಆರಂಭಿಸಿದರು. ಅವರೂ ನಿಮ್ಮ ಹಾಗೆ ಪತ್ರಿಕೆ ನಡೆಸುತ್ತಿದ್ದವರು. ವಾರದಲ್ಲಿ ಆರು ದಿನ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಅವರಿಗೆ ಓದು ಬರಹ ಕಲಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮ ತಂದೆ ಇದೇ ಊರಿನ ಹತ್ತಿ ಗಿರಣಿಯಲ್ಲಿ ದುಡಿದವರು. ಹಾಗಾಗಿ ಆ ಮಕ್ಕಳ ಕಥೆ ನನಗೆ ದೂರದ್ದು ಅನಿಸುವುದಿಲ್ಲ. ಆದರೆ ಮನೆಯಲ್ಲಿ ಕಲಿಸುವವರಿಲ್ಲದ ಮಕ್ಕಳಿಗೆಂದು ಹುಟ್ಟಿದ ಏರ್ಪಾಡನ್ನು ನಾವು ಎಲ್ಲ ಮಕ್ಕಳಿಗೂ ಸಾಕು ಎಂದುಕೊಂಡಿದ್ದೇವೆ. ಅಲ್ಲೇ ಎಡವಟ್ಟಾಗಿರುವುದು.

ಒಂದು ಗಂಟೆಯಲ್ಲಿ ನಾನು ಏನು ಮಾಡಬಲ್ಲೆ? ಹಾಜರಿ ಹಾಕಿ, ಜಗಳ ಬಿಡಿಸಿ, ಹಿಂದಿನ ವಾರದ್ದು ನೆನಪಿಸುವ ಹೊತ್ತಿಗೆ ಅರ್ಧ ಗಂಟೆ ಹೋಗಿರುತ್ತದೆ. ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಬಹುದು, ಕಥೆ ಹೇಳಬಹುದು. ಆದರೆ ಕಷ್ಟ ಬಂದಾಗ ದೊಡ್ಡವರು ದೇವರ ಮುಂದೆ ಹೇಗೆ ಮಂಡಿಯೂರುತ್ತಾರೆ, ಸಿಟ್ಟು ಬಂದ ಮೇಲೆ ಹೇಗೆ ಕ್ಷಮೆ ಕೇಳುತ್ತಾರೆ ಎಂಬುದನ್ನು ಮಗು ನನ್ನಲ್ಲಿ ನೋಡಲಾರದು. ಅದನ್ನು ಮನೆಯಲ್ಲೇ ನೋಡಬೇಕು. ಪೋಪ್ ಹತ್ತನೇ ಪಯಸ್ 1910ರಲ್ಲಿ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಅದಕ್ಕೂ ಮೊದಲು ಅನೇಕ ಕಡೆ ಮಕ್ಕಳು ಹನ್ನೆರಡೋ ಹದಿನಾಲ್ಕೋ ಆಗುವ ತನಕ ಕಾಯಬೇಕಿತ್ತು. ಏಳೆಂಟು ವರ್ಷದ ಮಗು ಅಮ್ಮನ ಮುಖ ನೋಡಿ ಕಲಿಯುತ್ತದೆ, ಪುಸ್ತಕ ನೋಡಿ ಅಲ್ಲ.

ನಮ್ಮ ಬೀದಿಯಲ್ಲೇ ಇದಕ್ಕೆ ಉದಾಹರಣೆಗಳಿವೆ. ಪಕ್ಕದ ಮನೆಯ ಲಿಂಗಾಯತ ಅಜ್ಜಿ ಸ್ನಾನ ಮುಗಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತರೆ ಮೊಮ್ಮಗ ತಾನಾಗಿ ಪಕ್ಕದಲ್ಲಿ ಬಂದು ಕೂರುತ್ತಾನೆ. ಎದುರು ಮನೆಯ ಮುಸ್ಲಿಂ ತಾಯಿ ರಂಜಾನ್ ತಿಂಗಳಲ್ಲಿ ಬೆಳಗಿನ ಜಾವ ಎದ್ದು ಅಡುಗೆ ಮಾಡುವಾಗ ಮಕ್ಕಳೂ ಏಳುತ್ತಾರೆ, ನಾವೂ ಉಪವಾಸ ಮಾಡುತ್ತೇವೆ ಎಂದು ಹಟ ಹಿಡಿಯುತ್ತಾರೆ. ಆ ಮಕ್ಕಳಿಗೆ ಯಾರೂ ಪರೀಕ್ಷೆ ಇಟ್ಟಿಲ್ಲ. ನಾವು ಕ್ರೈಸ್ತರು ಮಾತ್ರ ಇದನ್ನೆಲ್ಲ ಹಾಜರಿ ಪುಸ್ತಕಕ್ಕೆ, ಮಾರ್ಕ್ಸ್‌ಗೆ ಸೇರಿಸಿದ್ದೇವೆ. ಇಷ್ಟು ತರಗತಿ ತಪ್ಪಿದರೆ ಪರಮಪ್ರಸಾದ ಕೊಡುವುದಿಲ್ಲ ಎಂದು ಕೆಲವು ಕಡೆ ಹೆದರಿಸುವುದೂ ಉಂಟು. ಹೆದರಿ ಬಂದ ಮನೆಯವರು ಆ ದಿನ ಕಳೆಯುವುದನ್ನೇ ಕಾಯುತ್ತಾರೆ. ಫೋಟೊ, ಊಟ, ಕೇಕ್ ಎಲ್ಲ ಮುಗಿದ ಮರುವಾರ ತರಗತಿಯ ಅರ್ಧ ಬೆಂಚು ಖಾಲಿ. ನನಗೆ ತುಂಬಾ ನೋವು ಕೊಡುವ ಭಾನುವಾರ ಅದು.

ಚರ್ಚಿನವರು ಅಪ್ಪ ಅಮ್ಮಂದಿರನ್ನು ಕರೆಯುವುದೇ ಇಲ್ಲ ಎಂದಲ್ಲ. ಕರೆಯುತ್ತಾರೆ, ಆದರೆ ವಂತಿಗೆ ಹೇಳಲು, ಸಮವಸ್ತ್ರದ ಬಣ್ಣ ಹೇಳಲು. ಸಭೆ ಇಡುವುದು ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದವರೂ ಒಂದು ಗಂಟೆ ಭಾಷಣ ಕೇಳಿ ಹೋಗುತ್ತಾರೆ. ಮನೆಯಲ್ಲಿ ಹೇಗೆ ನಡೆಯುತ್ತಿದೆ, ಪ್ರಾರ್ಥನೆಗೆ ಹೊತ್ತು ಸಿಗುತ್ತದಾ, ಏನು ಕಷ್ಟ ಎಂದು ಅವರನ್ನು ಕೇಳುವವರಿಲ್ಲ.

ಹಿಂದಿನ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ತರಗತಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆವು. ಹೋಮ್‌ವರ್ಕ್ ಬಿಟ್ಟೆವು. ಮುಂದಿನ ಭಾನುವಾರ ಚರ್ಚಿನಲ್ಲಿ ಓದುವ ಶುಭಸಂದೇಶದ (ಬೈಬಲ್ಲಿನಲ್ಲಿರುವ ಯೇಸುವಿನ ಚರಿತ್ರೆಯ) ಭಾಗವನ್ನು ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಯಾರಾದರೂ ಓದಬೇಕು, ಉಳಿದವರು ಒಂದೊಂದು ಪ್ರಶ್ನೆ ಕೇಳಬೇಕು. ಉತ್ತರ ಹೇಳಲೇಬೇಕು ಎಂದೇನಿಲ್ಲ. ಪ್ರಶ್ನೆ ತಂದರೆ ಸಾಕು. ಹಬ್ಬ ಮುಗಿದ ಮೇಲೂ ಅದನ್ನು ಮುಂದುವರಿಸಿದೆವು.

ಭಟ್ಟಿಯಲ್ಲಿ ದುಡಿಯುವ ಒಬ್ಬ ಅಪ್ಪನಿಗೆ ಓದು ಬರುವುದಿಲ್ಲ. ಮಗಳು ಓದುತ್ತಾಳೆ, ಅವರು ಕೇಳುತ್ತಾರೆ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದವನನ್ನು ಸಮಾರ್ಯದವನೊಬ್ಬ ಎತ್ತಿ ಉಪಚರಿಸಿದ ಕಥೆ ಒಂದು ವಾರ ಬಂತು. ಮಗಳು ತರಗತಿಗೆ ಬಂದು ಅಪ್ಪನ ಪ್ರಶ್ನೆ ಹೇಳಿದಳು: "ಆ ಮನುಷ್ಯ ಛತ್ರದವನಿಗೆ ದುಡ್ಡು ಕೊಟ್ಟು ಹೋದ್ನಲ್ಲ, ಅವನ ಅವತ್ತಿನ ಕೆಲಸ ಏನಾಯ್ತು? ಲೇಟಾಗಿ ಹೋದ್ರೆ ಬೈಸ್ಕೊಳ್ಳಲ್ವಾ?" ನಾನು ಎಷ್ಟೋ ಸಲ ಹೇಳಿಕೊಟ್ಟ ಕಥೆ ಅದು. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಕೂಲಿಯ ಬೆಲೆ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಆ ದಿನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ. ಯಾರಿಗಾದರೂ ಸಹಾಯ ಮಾಡಿದರೆ ನಮಗೆ ಏನು ಕಳೆದುಹೋಗುತ್ತದೆ ಎಂದು ಅವರವರೇ ಮಾತಾಡಿಕೊಂಡರು. ಎಲ್ಲ ಮನೆಯಲ್ಲೂ ಇದು ನಡೆಯಿತು ಎಂದು ಹೇಳಲಾರೆ. ಕೆಲವರು ಶುರು ಮಾಡಿ ಬಿಟ್ಟರು. ನಡೆದ ಮನೆಗಳ ಮಕ್ಕಳಲ್ಲಿ ಮಾತ್ರ ಬದಲಾವಣೆ ಎದ್ದು ಕಾಣುತ್ತದೆ.

ಭಾಷೆಯ ವಿಷಯವನ್ನೂ ಹೇಳಬೇಕು. ನಮ್ಮಲ್ಲಿ ತಮಿಳು, ತೆಲುಗು, ಕೊಂಕಣಿ ಮಾತಾಡುವ ಮನೆಗಳು ಬಹಳ. ಅಜ್ಜಿ ತಮಿಳಿನಲ್ಲಿ ಜಪಸರದ (ಮಣಿ ಎಣಿಸುತ್ತಾ ಹೇಳುವ) ಪ್ರಾರ್ಥನೆ ಹೇಳುತ್ತಾರೆ, ಮಗು ಚರ್ಚಿನಲ್ಲಿ ಕನ್ನಡದಲ್ಲಿ ಕಲಿಯುತ್ತದೆ, ಶಾಲೆಯಲ್ಲಿ ಇಂಗ್ಲಿಷ್. ಕೊನೆಗೆ ಅಜ್ಜಿಯ ಜೊತೆ ಕೂತು ಪ್ರಾರ್ಥಿಸಲು ಮಗುವಿಗೆ ಬರುವುದಿಲ್ಲ. ಕನ್ನಡದ ಪ್ರಾರ್ಥನೆ ಕಲಿಯಲೇಬೇಕು, ಅದು ನಮ್ಮ ನಾಡಿನ ಭಾಷೆ, ನಮ್ಮ ಬಲಿಪೂಜೆಯ ಭಾಷೆ. ಜೊತೆಗೆ ಅಜ್ಜಿಯ ಪ್ರಾರ್ಥನೆಯನ್ನೂ ಒಂದು ಕಲಿತು ಬಾ ಎಂದು ಟೀಚರುಗಳು ಹೇಳಬೇಕು. ಸಂತ ಪೌಲರು ತಮ್ಮ ಶಿಷ್ಯ ತಿಮೊಥೇಯನಿಗೆ ಬರೆದ ಪತ್ರದಲ್ಲಿ ಅವನ ವಿಶ್ವಾಸ ಮೊದಲು ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಎಂದು ನೆನೆಯುತ್ತಾರೆ. ಆ ಅಜ್ಜಿಯ ಹೆಸರೂ ಬೈಬಲ್ಲಿನಲ್ಲಿದೆ. ನಮ್ಮ ಅಜ್ಜಿಯಂದಿರನ್ನು ನಾವು ಯಾಕೆ ಹೊರಗಿಟ್ಟಿದ್ದೇವೆ?

ಹರಿಹರದ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ (ಯೇಸುವಿನ ತಾಯಿ ಮರಿಯಮ್ಮನವರ) ದರ್ಶನಕ್ಕೆ ಮನೆ ಮಂದಿಯೆಲ್ಲ ಹೊರಡುತ್ತಾರೆ. ದಾವಣಗೆರೆಯಿಂದ 14 ಕಿ.ಮೀ. ಆಸುಪಾಸು, ಕೆಲವರು ನಡೆದೇ ಹೋಗುತ್ತಾರೆ. ದಾರಿಯುದ್ದಕ್ಕೂ ಮಕ್ಕಳು ಕೇಳುತ್ತಾರೆ: ಯಾಕೆ ನಡೀತೀವಿ, ಅಮ್ಮ ಏನು ಹರಕೆ ಹೊತ್ತಿದ್ದಾಳೆ, ಬೇರೆ ಧರ್ಮದವರೂ ಯಾಕೆ ಬರ್ತಾರೆ? ದೊಡ್ಡವರು ತಮಗೆ ತಿಳಿದಷ್ಟು ಹೇಳುತ್ತಾರೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಮಾತುಗಳನ್ನು ಮಕ್ಕಳಿಗೆ ಹೇಳಿ ಎಂದು ಬೈಬಲ್ಲಿನ ಧರ್ಮೋಪದೇಶಕಾಂಡ ಹೇಳುವುದು ಇದನ್ನೇ ಅಲ್ವಾ? ನನಗೇ ಗೊತ್ತಿರಲ್ಲ ಎಂದ ಆ ತಾಯಿಯೂ ಹರಿಹರದ ದಾರಿಯಲ್ಲಿ ಒಳ್ಳೆಯ ಟೀಚರ್.

ಹಾಗಾಗಿ ನಮ್ಮ ಜಿಲ್ಲೆಯ ಚರ್ಚುಗಳ ಗುರುಗಳಲ್ಲಿ, ಪಾಲನಾ ಸಮಿತಿಯವರಲ್ಲಿ ನನ್ನ ಕೋರಿಕೆ ಇದು. ಪರಮಪ್ರಸಾದದ ತಯಾರಿ ಶುರುವಾಗುವ ಮೊದಲ ದಿನ ಮಕ್ಕಳಿಗಿಂತ ಮುಂಚೆ ಅಪ್ಪ ಅಮ್ಮಂದಿರನ್ನು ಕೂರಿಸಿ. ಚರ್ಚಿನಲ್ಲೇ ಆಗಬೇಕೆಂದಿಲ್ಲ. ನಾಲ್ಕೈದು ಮನೆಯವರು ಯಾರದಾದರೂ ಮನೆಯಲ್ಲಿ ರಾತ್ರಿ ಎಂಟರ ಮೇಲೆ ಸೇರಬಹುದು, ಫಾದರ್ ಅಥವಾ ಸಿಸ್ಟರ್ ಅಲ್ಲಿಗೇ ಬರಲಿ. ಅಪ್ಪಂದಿರನ್ನು ಹೆಸರು ಹಿಡಿದು ಕರೆಯಿರಿ, ಅವರು ಅದಕ್ಕೆ ಕಾಯುತ್ತಿರುತ್ತಾರೆ. ತರಗತಿಯ ಬಾಗಿಲು ಸದಾ ತೆರೆದಿರಲಿ, ಯಾವ ತಾಯಿ ಬೇಕಾದರೂ ಯಾವ ವಾರ ಬೇಕಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ಮಕ್ಕಳ ಸುರಕ್ಷತೆಗೂ ಅದು ಒಳ್ಳೆಯದು. ಮಾರ್ಕ್ಸ್, ರ್‍ಯಾಂಕ್ ಬಿಡಿ.

ಬಟ್ಟೆಗೆ ಇಷ್ಟೇ ಖರ್ಚು ಎಂದು ಚರ್ಚೇ ಒಂದು ಮಿತಿ ಹಾಕಲಿ. ಸಾಲ ಮಾಡಿ ನೆಟ್ ಫ್ರಾಕ್ ಹೊಲಿಸುವ ಮನೆಗಳು ನನಗೆ ಗೊತ್ತು. ಸರಳವಾದ ಬಿಳಿ ಹತ್ತಿ ಬಟ್ಟೆ ಎಂದು ಎಲ್ಲರಿಗೂ ಒಂದೇ ನಿಯಮ ಮಾಡಿದರೆ ನನ್ನ ಅಂಗಡಿಗೆ ಬರುವ ಆದಾಯ ಕಡಿಮೆಯಾಗುತ್ತದೆ. ಆಗಲಿ, ನಾನು ಸಂತೋಷದಿಂದ ಹೊಲಿದುಕೊಡುತ್ತೇನೆ.

ಕೋಚಿಂಗ್ ನಡೆಸುವವರಲ್ಲೂ ಒಂದು ಮಾತು. ಭಾನುವಾರದ ತರಗತಿ ಬೇಕೇ ಬೇಕು ಎಂದಾದರೆ ಹತ್ತೂವರೆಯ ಮೇಲೆ ಇಡಿ. ದೃಢೀಕರಣ ಸಂಸ್ಕಾರ (ವಿಶ್ವಾಸವನ್ನು ಗಟ್ಟಿಗೊಳಿಸುವ ವಿಧಿ) ಪಡೆಯುವ ವಯಸ್ಸಿನ ದೊಡ್ಡ ಮಕ್ಕಳನ್ನು ನಾವು ಕಳೆದುಕೊಳ್ಳುತ್ತಿರುವುದು ಭಾನುವಾರ ಬೆಳಗಿನ ಕೋಚಿಂಗ್ ಹೊತ್ತಿನಲ್ಲೇ. ಪೋಷಕರೂ ಬಾಯಿಬಿಟ್ಟು ಕೇಳಬೇಕು. ಹತ್ತು ಜನ ಒಟ್ಟಿಗೆ ಹೋಗಿ ಕೇಳಿದರೆ ಸಮಯ ಬದಲಾಯಿಸದೆ ಇರುತ್ತಾರಾ?

ಜೂನ್‌ನಲ್ಲಿ ಶಾಲೆಗಳ ಜೊತೆ ನಮ್ಮ ಹೊಸ ತರಗತಿಯೂ ಶುರುವಾಗುತ್ತದೆ. ಅಷ್ಟರೊಳಗೆ ಅಪ್ಪ ಅಮ್ಮಂದಿರ ಮೊದಲ ಸಭೆಗೆ ಒಂದು ರಾತ್ರಿಯನ್ನು ಗೊತ್ತು ಮಾಡಬೇಕೆಂದು ನಮ್ಮ ಫಾದರ್ ಅವರಲ್ಲಿ ಕೇಳಿದ್ದೇನೆ. ಬೇರೆ ಚರ್ಚುಗಳ ಟೀಚರುಗಳು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತಿತರ ಕ್ರೈಸ್ತ ಸಭೆಗಳವರೂ ತಮ್ಮಲ್ಲಿ ಏನು ಮಾಡುತ್ತಿದ್ದಾರೆ ಎಂದು ಈ ಅಂಕಣಕ್ಕೆ ಬರೆದರೆ ನಮಗೆ ತುಂಬಾ ಸಹಾಯವಾಗುತ್ತದೆ.

ಇಂತಿ ನಮಸ್ಕಾರಗಳು,
ಒಬ್ಬ ಧರ್ಮೋಪದೇಶ ಶಿಕ್ಷಕಿ
ನಿಟ್ಟುವಳ್ಳಿ, ದಾವಣಗೆರೆ