ಇನ್ನು ಮುಂದೆ ಪ್ರತಿ ಬಾಕ್ಸಿಗೂ ಒಂದು ಟ್ಯಾಗ್

ನಮ್ಮ ಕಾಫಿಪುಡಿ ತರಿಸಿಕೊಳ್ಳುವ ಅಂಗಡಿಯವರಿಗೆ, ಹೋಟೆಲಿನವರಿಗೆ, ಮನೆಯವರಿಗೆ ಚಿಕ್ಕಮಗಳೂರಿನಿಂದ ನಮಸ್ಕಾರ.

ಮುಂದಿನ ಲೋಡಿನಿಂದ ಪ್ರತಿ ಬಾಕ್ಸಿನ ಮೂಲೆಯಲ್ಲೂ ಒಂದು ಬಿಳಿ ಸ್ಟಿಕ್ಕರ್ ಇರುತ್ತದೆ. ಅದರೊಳಗೆ ಆರ್‌ಎಫ್‌ಐಡಿ ಟ್ಯಾಗ್ ಇದೆ, ಅಂದರೆ ರೇಡಿಯೋ ಅಲೆಯಿಂದ ಓದುವ ಗುರುತಿನ ಚೀಟಿ. ಯಾಕೆ ಅಂತ ಹೇಳುತ್ತೇವೆ.

ಕಳೆದ ಮಳೆಗಾಲದಲ್ಲಿ ಬೇಲೂರಿನ ಹೋಟೆಲಿನವರೊಬ್ಬರು ಬೆಳಗ್ಗೆ ಆರಕ್ಕೇ ಫೋನ್ ಮಾಡಿ, "ಡಿಕಾಕ್ಷನ್ ಏನೋ ಕಪ್ಪಗೆ ಇಳಿದಿದೆ, ಘಮಾನೇ ಇಲ್ವಲ್ಲ ಸ್ವಾಮಿ" ಅಂದರು. ಹೋಗಿ ನೋಡಿದರೆ ಅವರು ಕೇಳಿದ್ದು 80:20, ಹೋಗಿದ್ದು 60:40, ಅಂದರೆ ನೂರಕ್ಕೆ ನಲವತ್ತು ಪಾಲು ಚಿಕೋರಿ, ಅದೂ ನಮ್ಮ ಗೋಡೌನಿನಲ್ಲಿ ಹೊಸ ಬಾಕ್ಸುಗಳ ಹಿಂದೆ ಮೂರು ತಿಂಗಳು ಕೂತಿದ್ದ ಮಾಲು. ತಪ್ಪು ನಮ್ಮದೇ. ಲೆಕ್ಕದ ಪುಸ್ತಕದಲ್ಲಿ ಎಲ್ಲ ಸರಿಯಾಗೇ ಇತ್ತು. ಬರೆದ ಬಾಕ್ಸೇ ಟೆಂಪೋ ಹತ್ತಿತಾ ಅಂತ ಮಾತ್ರ ಯಾರೂ ನೋಡಿರಲಿಲ್ಲ. ಅವತ್ತು ಅವರ ಗಿರಾಕಿಗಳು ಕುಡಿದ ಕಾಫಿ ನಮಗೆ ಇವತ್ತಿಗೂ ಬೇಜಾರು.

ಈ ಟ್ಯಾಗ್ ನಿಮಗೆ ಹೊಸದಲ್ಲ. ಶಾಂತಿಗ್ರಾಮದ ಟೋಲ್‌ನಲ್ಲಿ ಕಾರಿನ ಫಾಸ್ಟ್ಯಾಗ್ ಓದುತ್ತದಲ್ಲ, ಅದೇ ಬಗೆಯದು. ಬ್ಯಾಟರಿ ಇಲ್ಲ, ಅದನ್ನು ಓದುವ ಯಂತ್ರ, ಅಂದರೆ ರೀಡರ್, ಬಿಡುವ ರೇಡಿಯೋ ಅಲೆಯೇ ಅದಕ್ಕೆ ಕರೆಂಟು. ಬಾರ್‌ಕೋಡ್ ಆದರೆ ಒಂದೊಂದನ್ನೇ ತಿರುಗಿಸಿ ತೋರಿಸಬೇಕು, ಇದಕ್ಕೆ ಆ ಕಷ್ಟ ಇಲ್ಲ. ಮೊದಲು ಒಂದೊಂದು ಪ್ಯಾಕೆಟ್ಟಿಗೂ ಅಂಟಿಸಿ ನೋಡಿದೆವು, ಆದರೆ ಘಮ ಉಳಿಯಲಿ ಅಂತ ನಾವು ಬಳಸುವ ಅಲ್ಯೂಮಿನಿಯಂ ಫಾಯಿಲ್ ಅಲೆಯನ್ನೇ ತಡೆದುಬಿಟ್ಟಿತು. ಹಾಗಾಗಿ ಬಾಕ್ಸಿನ ಹೊರಗೆ, ಪ್ಯಾಕೆಟ್ಟುಗಳಿಂದ ಸ್ವಲ್ಪ ದೂರ. ರಾಶಿಯ ನಡುವಿನ ಬಾಕ್ಸುಗಳು ಓದದೆ ಉಳಿಯಬಹುದು, ಅದಕ್ಕೇ ತಳ್ಳುಗಾಡಿಯಲ್ಲಿ ನಾಲ್ಕು ನಾಲ್ಕೇ ಇಟ್ಟು ರೀಡರ್ ಇರುವ ಗೋಡೌನ್ ಬಾಗಿಲು ದಾಟಿಸುತ್ತೇವೆ. ಲೋಡಿಂಗ್ ನಿಧಾನ ಆಗುತ್ತದೆ. ಆಗಲಿ.

ಯಾವತ್ತು ಹುರಿದದ್ದು, ಯಾವ ಮಿಶ್ರಣ, ಯಾರ ಆರ್ಡರ್ ಅನ್ನುವುದು ಟ್ಯಾಗಿನ ನಂಬರಿಗೆ ಸೇರಿಕೊಂಡು ನಮ್ಮ ಕಂಪ್ಯೂಟರಿನಲ್ಲಿರುತ್ತದೆ. ತಪ್ಪು ಬಾಕ್ಸು ಬಾಗಿಲಿಗೆ ಬಂದರೆ ರೀಡರ್ ಬೀಪ್ ಅಂತ ನಿಲ್ಲಿಸುತ್ತದೆ. ಹಳೆಯದು ಒಳಗಿರುವಾಗ ಹೊಸದು ಹೊರಟರೂ ಅಷ್ಟೇ.

ಗಾಡಿ ಈಗ ಎಲ್ಲಿದೆ ಅಂತ ಕೆಲವರು ಕೇಳಿದ್ದೀರಿ. ಅದು ಇದರಿಂದ ಗೊತ್ತಾಗುವುದಿಲ್ಲ, ರೀಡರ್ ಇರುವ ಜಾಗ ದಾಟಿದಾಗ ಮಾತ್ರ ಗೊತ್ತಾಗುತ್ತದೆ. ರೀಡರ್ ಇರುವುದು ನಮ್ಮ ಹುರಿಯುವ ಮನೆಯಲ್ಲಿ, ಗೋಡೌನ್ ಬಾಗಿಲಲ್ಲಿ, ಆಮೇಲೆ ಡೆಲಿವರಿ ಹುಡುಗನ ಕೈಯಲ್ಲಿ. ನಿಮ್ಮ ಅಂಗಡಿಯಲ್ಲಿ ಅವನು ಓದಿಸಿದರೆ ಅಲ್ಲಿಗೆ ಲೆಕ್ಕ ಮುಗಿಯಿತು, ಆಮೇಲೆ ಸ್ಟಿಕ್ಕರ್ ಕಿತ್ತು ಬಿಸಾಕಬಹುದು. ಮನೆಗೆ ಒಯ್ಯುವ ಪ್ಯಾಕೆಟ್ಟಿನಲ್ಲಿ ಟ್ಯಾಗ್ ಇರುವುದಿಲ್ಲ, ಹುರಿದ ತಾರೀಖು ಎಂದಿನಂತೆ ಅಚ್ಚಾಗಿರುತ್ತದೆ.

ಇದಕ್ಕಾಗಿ ರೇಟು ಜಾಸ್ತಿ ಮಾಡಿಲ್ಲ. ಒಂದೇ ಕೋರಿಕೆ: ಡೆಲಿವರಿ ಹುಡುಗ ಟ್ಯಾಗ್ ಓದಿಸುವವರೆಗೆ ಬಾಕ್ಸು ಒಡೆಯಬೇಡಿ. ಸ್ಟಿಕ್ಕರ್ ಹರಿದಿದ್ದರೆ ಇಳಿಸಿಕೊಳ್ಳಲೇಬೇಡಿ, ಸಂಜೆಯೊಳಗೆ ಬೇರೆ ಕಳಿಸುತ್ತೇವೆ.