ಒಡ್ಡಿನ ಬುಡವನ್ನೂ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಹಿತ್ತಲಿನಿಂದ ನದಿಯ ಒಡ್ಡಿಗೆ 40 ಹೆಜ್ಜೆ. ಹೊಳೆ ಏರಿದಾಗ ಬರುವವರೆಲ್ಲ ಒಡ್ಡಿನ ನೆತ್ತಿ ನೋಡಿ ಹೋಗುತ್ತಾರೆ. ನಾನು ನೋಡುವುದು ಬುಡವನ್ನು. ಕಳೆದ ಮಳೆಗಾಲದಲ್ಲಿ ಅಲ್ಲಿ ನೀರು ಒಸರಿತು. ತಿಳಿನೀರಾದರೆ ಕಣ್ಣಿಟ್ಟು ಕಾಯಬಹುದು. ಮರಳು ಬೆರೆತು ಬುಗ್ಗೆಯಂತೆ ಉಕ್ಕಿದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಒಂದು ಹೆಗ್ಗಣದ ಬಿಲ, ಕೊಳೆತ ಬೇರು ಸಾಕು ಅದಕ್ಕೆ ದಾರಿಯಾಗಲು. ಬುಗ್ಗೆಯ ಬಾಯಿಗೆ ಮಣ್ಣು ತುರುಕಬಾರದು, ಸುತ್ತ ಮರಳುಚೀಲದ ಕಟ್ಟೆ ಕಟ್ಟಬೇಕಂತೆ. (ನನಗೆ ಗೊತ್ತಾದದ್ದು ತುರುಕಿದ ಮೇಲೆ!)

'100 ವರ್ಷಕ್ಕೊಮ್ಮೆಯ ಪ್ರವಾಹ'ಕ್ಕೆ ಕಟ್ಟಿದ ಒಡ್ಡು ಎಂದು ಸಮಾಧಾನ ಹೇಳುತ್ತಾರೆ. ಅಂಥ ಪ್ರವಾಹದ ಸಾಧ್ಯತೆ ವರ್ಷಕ್ಕೆ ಶೇ 1. 30 ವರ್ಷ ಇಲ್ಲೇ ಬಾಳಿದವರಿಗೆ ಅದು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸುಮಾರು ಶೇ 26. ಮಳೆಗೆ ಮುಂಚೆ ಪೊದೆ ಸವರಿ, ಬಿಲ ಮುಚ್ಚಿಸಿ ಕೊಡಿ.

– ಒಡ್ಡಿನ ಪಕ್ಕದ ನಿವಾಸಿ