ಮಹಿಳೆಯರ ವ್ಯಾಯಾಮಕ್ಕೆ ಹೊತ್ತೂ ಬೇಕು, ಜಾಗವೂ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೆಂಗಸರು ವ್ಯಾಯಾಮ ಶುರು ಮಾಡುತ್ತಾರೆ, ತಿಂಗಳು ತುಂಬುವುದರೊಳಗೆ ಬಿಟ್ಟುಬಿಡುತ್ತಾರೆ ಎಂಬ ಮಾತನ್ನು ವೈದ್ಯರೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಪತ್ರಿಕೆಗಳ ಆರೋಗ್ಯ ಪುರವಣಿಗಳು ಇದಕ್ಕೆ ಸೂಚಿಸುವ ಪರಿಹಾರವೂ ಸಾಮಾನ್ಯವಾಗಿ ಒಂದೇ: ಮನಸ್ಸು ಗಟ್ಟಿ ಮಾಡಿ, ಬೆಳಿಗ್ಗೆ ಬೇಗ ಏಳಿ, ನಿಮಗಾಗಿ ಅರ್ಧ ಗಂಟೆ ತೆಗೆದಿಡಿ. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು ನಿವೃತ್ತಳಾಗಿರುವ ನಾನು ಈ ಸಲಹೆಯನ್ನು ಒಪ್ಪಲಾರೆ. ನಾನು ಕಂಡ ಹೆಂಗಸರಲ್ಲಿ ಮನಸ್ಸಿಗೆ ಕೊರತೆಯಿರಲಿಲ್ಲ. ದಿನದಲ್ಲಿ ತನ್ನದು ಎಂದು ಹೇಳಿಕೊಳ್ಳಬಹುದಾದ ಒಂದು ಹೊತ್ತು, ಆ ಹೊತ್ತಿನಲ್ಲಿ ಬಾಗಿಲು ತೆರೆದಿರುವ ಒಂದು ಜಾಗ, ಈ ಎರಡೂ ಅವರಿಗೆ ಒಟ್ಟಿಗೆ ಸಿಗುತ್ತಿರಲಿಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಎಂದರೆ ಅಷ್ಟಾಯಿತು. ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ನಿಯತಕಾಲಿಕದಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ 42. ಒಂದೇ ಮನೆಯಲ್ಲಿ ಉಂಡು, ಒಂದೇ ಊರಿನಲ್ಲಿ ಓಡಾಡುವ ಗಂಡಸರಿಗೂ ಹೆಂಗಸರಿಗೂ ನಡುವೆ ಇಷ್ಟು ಅಂತರವಿರುವಾಗ, ಅದನ್ನು ಒಬ್ಬೊಬ್ಬ ಹೆಂಗಸಿನ ಸೋಮಾರಿತನ ಎಂದು ವಿವರಿಸುವುದು ನ್ಯಾಯವಲ್ಲ.

ಮೊದಲು ಬೆಳಗಿನ ಹೊತ್ತನ್ನೇ ನೋಡೋಣ. ನಮ್ಮ ನಗರದ ಮಧ್ಯಮ ವರ್ಗದ ಮನೆಯಲ್ಲಿ ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಗೃಹಿಣಿಗೆ ಉಸಿರಾಡಲು ಬಿಡುವಿರುವುದಿಲ್ಲ. ಕಾವೇರಿ ನೀರು ಬರುವ ದಿನವಾದರೆ ಸಂಪು ತುಂಬಿತೇ ಎಂದು ನೋಡಬೇಕು, ಹಾಲು ಕಾಯಿಸಬೇಕು, ತಿಂಡಿಯ ಜೊತೆಗೆ ಮಧ್ಯಾಹ್ನದ ಡಬ್ಬಿಗಳಿಗೂ ಆಗಬೇಕು, ಶಾಲೆಯ ವ್ಯಾನ್ ಬರುವುದರೊಳಗೆ ಮಕ್ಕಳನ್ನು ಹೊರಡಿಸಬೇಕು, ಹಿರಿಯರಿದ್ದರೆ ಅವರ ಮಾತ್ರೆ ಮತ್ತು ಗಂಜಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿರುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ, ಪುರುಷರು ವ್ಯಯಿಸುವುದು 88 ನಿಮಿಷ ಎಂದು ದಾಖಲಾಗಿದೆ. ಮಕ್ಕಳ ಮತ್ತು ಹಿರಿಯರ ಆರೈಕೆಯನ್ನು ಇದರಲ್ಲಿ ಸೇರಿಸಿಲ್ಲ, ಅದರ ಲೆಕ್ಕ ಬೇರೆಯಿದೆ. ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ ಪ್ಯಾಂಟ್ ತೊಟ್ಟು ಉದ್ಯಾನದಲ್ಲಿ ನಡೆಯುವ ಯಜಮಾನರು ಏಳೂವರೆಗೆ ಮನೆಗೆ ಬಂದಾಗ ತಿಂಡಿ ಸಿದ್ಧವಿರುತ್ತದೆಯಲ್ಲ, ಅವರ ಆ ನಡಿಗೆಗೆ ಹೊತ್ತು ಒದಗಿಸಿಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಮನೆಗಳಲ್ಲಿ ಯಾರೂ ಕೇಳುವುದಿಲ್ಲ.

ಹೆಂಗಸರಿಗೆ ಬಿಡುವು ದೊರೆಯುವುದು ಒಂಬತ್ತೂವರೆ, ಹತ್ತರ ನಂತರ. ಆದರೆ ನಮ್ಮ ನಗರದ ಉದ್ಯಾನಗಳಿಗೆ ಬಹಳ ವರ್ಷಗಳ ಕಾಲ ಸರಿಯಾಗಿ ಅದೇ ಹೊತ್ತಿಗೆ ಬೀಗ ಬೀಳುತ್ತಿತ್ತು. 2024ರಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ ಪ್ರಕಟವಾದಾಗ ನನ್ನಂಥವರಿಗೆ ನಿಜವಾಗಿಯೂ ಸಂತೋಷವಾಯಿತು. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳ ಮಾತು ಬೇರೆ, ಅವು ಎಲ್ಲರ ಮನೆಯ ಹತ್ತಿರವಿಲ್ಲ. ಬಡಾವಣೆಗಳ ಸಣ್ಣ ಉದ್ಯಾನಗಳ ಪೈಕಿ ಕೆಲವುಗಳ ಗೇಟಿಗೆ ಮಧ್ಯಾಹ್ನ ಬೀಗ ಹಾಕಿರುವುದನ್ನು ನಾನು ಈಗಲೂ ಕಾಣುತ್ತೇನೆ. ಸಂಜೆ ಏಳರ ನಂತರ ತೆರೆದಿದ್ದರೂ ಅರ್ಧ ದೀಪಗಳು ಉರಿಯದ ಕಡೆ ಯಾವ ಹೆಂಗಸು ಒಬ್ಬಳೇ ನಡೆಯುತ್ತಾಳೆ? ಶೌಚಾಲಯವಿದ್ದರೂ ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದು ಕಾವಲುಗಾರನಿಗೂ ಗೊತ್ತಿರುವುದಿಲ್ಲ. ಉದ್ಯಾನಕ್ಕೆ ಹೋಗುವ ಬದಲು ರಸ್ತೆಯಲ್ಲೇ ನಡೆಯೋಣವೆಂದರೆ ಪಾದಚಾರಿ ಮಾರ್ಗದ ಮೇಲೆ ಬೈಕುಗಳು, ಅಗೆದುಬಿಟ್ಟ ಗುಂಡಿಗಳು, ಬೀದಿ ನಾಯಿಗಳು. ಸರಗಳ್ಳರ ಭಯದಿಂದ ಮಾಂಗಲ್ಯವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಹಿಂದೆ ಬೈಕಿನ ಸದ್ದಾದಾಗಲೆಲ್ಲ ಗೋಡೆಯ ಕಡೆಗೆ ಸರಿದು ನಡೆಯುವವಳ ನಡಿಗೆ ಬಿರುಸಾಗುವುದು ಹೇಗೆ? ಆದ್ದರಿಂದಲೇ ಹೆಂಗಸರು ಇಬ್ಬರು ಮೂವರು ಜೊತೆಯಾಗಿ ಹೊರಡುತ್ತಾರೆ; ಜೊತೆಯವಳ ಮನೆಗೆ ನೆಂಟರು ಬಂದರೆ ಅಥವಾ ಆಕೆ ಮಗಳ ಬಾಣಂತನಕ್ಕೆಂದು ಊರಿಗೆ ಹೋದರೆ ಉಳಿದವಳ ನಡಿಗೆಯೂ ನಿಂತುಹೋಗುತ್ತದೆ. ತಿಂಗಳೊಳಗೆ ಬಿಟ್ಟುಬಿಟ್ಟಳು ಎಂದು ನಾವು ಹಗುರವಾಗಿ ಹೇಳುವುದರ ಹಿಂದೆ ಇಂಥ ಕಾರಣಗಳಿರುತ್ತವೆ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ದೇಹ ಆಡುವುದೆಲ್ಲ ಒಳ್ಳೆಯದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಧ್ಯಮ ಪ್ರಮಾಣದ ಶ್ರಮ ಎಂದರೆ ಎದೆಬಡಿತ ಏರಬೇಕು, ಮಾತನಾಡಲು ಆಗಬೇಕು ಆದರೆ ಹಾಡಲು ಆಗಬಾರದು, ಅಂಥ ಸ್ಥಿತಿ ಸ್ವಲ್ಪ ಹೊತ್ತು ಮುಂದುವರಿಯಬೇಕು. ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದರಿಂದ, ಬಗ್ಗಿ ಕಸ ಗುಡಿಸುವುದರಿಂದ, ಪಾತ್ರೆ ಉಜ್ಜುವುದರಿಂದ ಸೊಂಟಕ್ಕೂ ಮಂಡಿಗೂ ದಣಿವಾಗುತ್ತದೆಯೇ ಹೊರತು ಹೃದಯ ಮತ್ತು ಶ್ವಾಸಕೋಶಗಳಿಗೆ ಬೇಕಾದ ತರಬೇತಿ ಸಾಮಾನ್ಯವಾಗಿ ಸಿಗುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂರುವವಳು, ನಾಲ್ಕು ಮನೆಗಳ ನೆಲ ಒರೆಸಿ ಬರುವವಳು, ನಸುಕಿನಲ್ಲೇ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ, ಇವರಿಗೆ ಸಂಜೆ ಒಂದು ಸುತ್ತು ನಡೆದು ಬನ್ನಿ ಎಂದು ಹೇಳುವುದು ಕ್ರೌರ್ಯವೆಂದೇ ನನಗನ್ನಿಸುತ್ತದೆ. ಅವರಿಗೆ ಬೇಕಾಗಿರುವುದು ವಿಶ್ರಾಂತಿ, ಮತ್ತು ಒಂದೇ ಭಂಗಿಯಲ್ಲಿ ಸವೆದ ಬೆನ್ನು ಭುಜಗಳನ್ನು ಸಡಿಲಿಸಿ ಬಲಪಡಿಸುವ ಹದಿನೈದು ನಿಮಿಷದ ಕಸರತ್ತು. ಅದು ಕೆಲಸದ ವೇಳೆಯಲ್ಲೇ, ಸಂಬಳದ ಒಳಗೇ ಸಿಗಬೇಕು.

ರಕ್ತಹೀನತೆಯ ವಿಷಯವನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ ಎಂಬುದು ನನಗೆ ಬಹಳ ಬೇಸರದ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ, ವ್ಯಾಯಾಮದ ಮರುದಿನ ಹಾಸಿಗೆಯಿಂದ ಏಳಲಾಗದಷ್ಟು ಆಯಾಸವಾಗುತ್ತದೆ. ಅಂಥವಳಿಗೆ ಛಲದ ಪಾಠ ಹೇಳುವುದಕ್ಕಿಂತ ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು.

ಈ ಕಥೆ ಶುರುವಾಗುವುದು ಮದುವೆಯ ನಂತರವಲ್ಲ, ಶಾಲೆಯಲ್ಲೇ. ನನ್ನ ವೃತ್ತಿಯ ಉದ್ದಕ್ಕೂ ಕಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಐದನೆಯ, ಆರನೆಯ ತರಗತಿಯ ಹುಡುಗಿಯರು ಗಂಟೆ ಬಾರಿಸಿದ ಕೂಡಲೇ ಮೈದಾನಕ್ಕೆ ಓಡಿ ಬರುತ್ತಾರೆ. ಕೊಕ್ಕೊ, ಲಗೋರಿ, ಕುಂಟೆಬಿಲ್ಲೆ, ಯಾವುದಾದರೂ ಸರಿ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಅದೇ ಹುಡುಗಿಯರು ಹೊಟ್ಟೆನೋವು, ತಲೆನೋವು ಎಂದು ಹೇಳಿ ಮರದ ಕೆಳಗೆ ಕುಳಿತುಬಿಡುತ್ತಾರೆ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲು ಶಾಲೆಯ ಶೌಚಾಲಯದಲ್ಲಿ ನೀರಿರುವುದಿಲ್ಲ. ದುಪಟ್ಟಾ ಪಿನ್ ಮಾಡಿಕೊಂಡು ಓಡಲಾಗುವುದಿಲ್ಲ. ಮೈದಾನದ ಮುಕ್ಕಾಲು ಭಾಗವನ್ನು ಹುಡುಗರ ಕ್ರಿಕೆಟ್ ಆವರಿಸಿರುತ್ತದೆ. ಬಿಸಿಲಿನಲ್ಲಿ ಆಡಿ ಮಗಳು ಕಪ್ಪಾದರೆ ನಾಳೆ ಯಾರು ಮದುವೆಯಾಗುತ್ತಾರೆ ಎಂದು ತಾಯಂದಿರೇ ನನ್ನ ಬಳಿ ಬಂದು ಹೇಳಿದ್ದುಂಟು. ಹತ್ತನೆಯ ತರಗತಿಯಲ್ಲಂತೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಹೆಸರಿನಲ್ಲಿ ಆಟದ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ನಮ್ಮ ಶಾಲೆಗಳಲ್ಲಿ ಹುಡುಗಿಯರನ್ನು ಮೈದಾನದಲ್ಲಿ ಉಳಿಸಿದ್ದು ಥ್ರೋಬಾಲ್ ಒಂದೇ ಎಂದರೂ ತಪ್ಪಾಗಲಾರದು. ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳಿಗೆಂದು ತಂಡ ಕಟ್ಟಿದಾಗ ಆ ಮಕ್ಕಳ ಮುಖದಲ್ಲಿ ಕಾಣುತ್ತಿದ್ದ ಹುರುಪನ್ನು ನೋಡಿದವರು ಹೆಣ್ಣುಮಕ್ಕಳಿಗೆ ಆಟದಲ್ಲಿ ಆಸಕ್ತಿಯಿಲ್ಲ ಎಂದು ಎಂದೂ ಹೇಳಲಾರರು. ಪಿಯುಸಿಗೆ ಸೇರಿದ ಮೇಲೆ ಆ ತಂಡವೂ ಚದುರಿಹೋಗುತ್ತದೆ. ಹದಿನಾರಕ್ಕೆ ಆಟ ಬಿಟ್ಟವಳು ನಲವತ್ತಕ್ಕೆ, ಮಧುಮೇಹದ ವರದಿ ಕೈಗೆ ಬಂದ ದಿನ, ಶೂ ಕೊಳ್ಳುವುದಕ್ಕೆ ಹೊರಡುತ್ತಾಳೆ. ನಡುವಿನ ಇಪ್ಪತ್ತನಾಲ್ಕು ವರ್ಷ ಅವಳ ದೇಹಕ್ಕೆ ಆಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಆ ನಡುವಿನ ವರ್ಷಗಳಲ್ಲಿ ಹೆರಿಗೆಗಳಾಗುತ್ತವೆ. ಬಾಣಂತನದಲ್ಲಿ ಮೈಗೆ ಶ್ರಮ ಕೊಡಬೇಡ ಎಂದು ಎಲ್ಲರೂ ಹೇಳುತ್ತಾರೆ. ಮತ್ತೆ ಯಾವಾಗ, ಹೇಗೆ ಶುರು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಹೆರಿಗೆಯ ನಂತರ ಕೆಮ್ಮಿದಾಗ, ಜಿಗಿದಾಗ, ಓಡಿದಾಗ ಮೂತ್ರ ಸೋರುವ ತೊಂದರೆ ಬಹಳ ಮಹಿಳೆಯರಿಗೆ ಇರುತ್ತದೆ. ಸಂಕೋಚದಿಂದ ಗಂಡನಿಗೂ ಹೇಳದೆ ಅವರು ಏರೋಬಿಕ್ಸ್ ತರಗತಿಯನ್ನೋ ನಡಿಗೆಯನ್ನೋ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಗೊಳಿಸುವ ಸರಳ ವ್ಯಾಯಾಮಗಳಿಂದ ಇವರಲ್ಲಿ ಹೆಚ್ಚಿನವರಿಗೆ ಪರಿಹಾರ ಸಿಗುತ್ತದೆ, ಫಿಸಿಯೋಥೆರಪಿಸ್ಟರು ಅದನ್ನು ಕಲಿಸಬಲ್ಲರು. ಲಸಿಕೆಗೆಂದು ಮಗುವನ್ನು ಕರೆತರುವ ತಾಯಿಗೆ ಅಲ್ಲಿಯೇ ಇದನ್ನು ಹೇಳಿಕೊಡುವುದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಮುಟ್ಟು ನಿಂತ ನಂತರವಂತೂ ಈಸ್ಟ್ರೋಜೆನ್ ಕುಸಿದು ಮೂಳೆಗಳು ಸವೆಯುವುದರಿಂದ ಬರಿಯ ನಡಿಗೆ ಸಾಲದು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲ ಹೆಚ್ಚಿಸುವ ಕಸರತ್ತು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳಿದೆ. ಭಾರ ಎತ್ತುವುದು ಗಂಡಸರ ಕೆಲಸವೆಂದು ನಮ್ಮಲ್ಲಿ ಭಾವಿಸಲಾಗಿದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಅಡುಗೆಮನೆಗೆ ಸಾಗಿಸುವ ಕೈಗಳಿಗೆ ಎರಡು ಕಿಲೋ ಡಂಬೆಲ್ ಯಾವ ಭಾರ? ಜಿಮ್‌ಗಳ ಮಾತನ್ನು ನಾನು ಹೆಚ್ಚು ಬೆಳೆಸುವುದಿಲ್ಲ, ಅವುಗಳ ಶುಲ್ಕ ಕಟ್ಟಬಲ್ಲವರು ತಮ್ಮ ದಾರಿ ಕಂಡುಕೊಂಡಾರು.

ಇಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ನು ನೆನಪಿಸಲು ಬಯಸುತ್ತೇನೆ. ಮಹಿಳೆಯರು ಧೈರ್ಯ ಮಾಡಿ ಹೊರಗೆ ಹೊರಡಬೇಕು ಎಂದು ಆಗ ಯಾರೂ ಭಾಷಣ ಮಾಡಲಿಲ್ಲ. ಬಸ್ ದರ ಎಂಬ ಒಂದು ಅಡ್ಡಿಯನ್ನು ಸರ್ಕಾರ ತೆಗೆಯಿತು, ಮಹಿಳೆಯರು ತಾವಾಗಿಯೇ ಬಸ್ಸುಗಳನ್ನು ತುಂಬಿದರು. ವ್ಯಾಯಾಮದ ವಿಷಯದಲ್ಲೂ ಅಡ್ಡಿಗಳನ್ನು ಒಂದೊಂದಾಗಿ ತೆಗೆಯುವುದು ಆಡಳಿತದ ಕೆಲಸವೇ ಆಗಿದೆ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ನಮಗೆ ಐದು ನಗರ ಪಾಲಿಕೆಗಳಿವೆ. ಪ್ರತಿಯೊಂದು ಪಾಲಿಕೆಯೂ ತನ್ನ ಉದ್ಯಾನಗಳು ಮಧ್ಯಾಹ್ನದಲ್ಲೂ ತೆರೆದಿರುವಂತೆ, ಸಂಜೆ ಎಲ್ಲ ದೀಪಗಳೂ ಉರಿಯುವಂತೆ, ಶೌಚಾಲಯಕ್ಕೆ ಬೀಗವಿಲ್ಲದಂತೆ ನೋಡಿಕೊಳ್ಳಲಿ; ಕಾವಲಿಗೆ ಮಹಿಳೆಯರನ್ನೂ ನೇಮಿಸಲಿ. ಉದ್ಯಾನಗಳಲ್ಲಿ ಅಳವಡಿಸಿರುವ ವ್ಯಾಯಾಮ ಸಲಕರಣೆಗಳನ್ನು ಬಳಸುವ ಬಗೆಯನ್ನು ವಾರಕ್ಕೊಮ್ಮೆ ಯಾರಾದರೂ ಕಲಿಸಿಕೊಟ್ಟರೆ ಅವು ಮಕ್ಕಳ ಉಯ್ಯಾಲೆಗಳಾಗಿ ಮುರಿಯುವುದು ತಪ್ಪುತ್ತದೆ.

ಮನೆಯವರಿಂದಲೂ ಒಂದು ಕೆಲಸ ಆಗಬೇಕು. ವಾರದಲ್ಲಿ ಮೂರು ದಿನ ಬೆಳಗಿನ ತಿಂಡಿ, ಡಬ್ಬಿಗಳ ಹೊಣೆಯನ್ನು ಗಂಡಂದಿರು ಅಥವಾ ಬೆಳೆದ ಗಂಡುಮಕ್ಕಳು ಪೂರ್ತಿಯಾಗಿ ವಹಿಸಿಕೊಳ್ಳಲಿ. ಪೂರ್ತಿಯಾಗಿ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಸಾಸಿವೆ ಡಬ್ಬ ಎಲ್ಲಿದೆ ಎಂದು ನಡೆಯಲು ಹೋದವಳಿಗೆ ಫೋನ್ ಮಾಡಿ ಕೇಳಿದರೆ ಆ ಹೊತ್ತು ಅವಳದಾಗಿ ಉಳಿಯುವುದಿಲ್ಲ. ಈ ಹೊತ್ತಿನಲ್ಲಿ ಶೂ ಹಾಕಿಕೊಂಡು ಎಲ್ಲಿಗೆ ಹೊರಟೆಯಮ್ಮಾ ಎಂದು ಸೊಸೆಯನ್ನು ಕೇಳುವ ಅತ್ತೆಯಂದಿರಲ್ಲಿ ನನ್ನ ವಿನಂತಿ, ಸಾಧ್ಯವಾದರೆ ನೀವೂ ಅವಳ ಜೊತೆಗೆ ಹೊರಡಿ; ನಿಮ್ಮ ಮಂಡಿಗಳಿಗೂ ಅದು ಬೇಕು.

ಕೊನೆಯದಾಗಿ, ಶಿಕ್ಷಣ ಇಲಾಖೆಗೆ ಒಂದು ಮನವಿ. ನಮ್ಮ ಸರ್ಕಾರಿ ಶಾಲೆಗಳ ಮೈದಾನಗಳು ತರಗತಿ ಮುಗಿದ ಮೇಲೆ ಬೀಗದೊಳಗಿರುತ್ತವೆ. ವಾರಕ್ಕೆ ಎರಡು ಸಂಜೆ, ಐದರಿಂದ ಏಳರವರೆಗೆ, ಅವುಗಳನ್ನು ಆಯಾ ಬಡಾವಣೆಯ ಮಹಿಳೆಯರ ಆಟಕ್ಕೆಂದೇ ತೆರೆಯಬಹುದು. ಥ್ರೋಬಾಲ್ ಆಡಲು ಒಂದು ಬಲೆ, ಒಂದು ಚೆಂಡು, ಒಂದು ದೀಪ ಸಾಕು, ಶಾಲೆಯಲ್ಲಿ ಆಡಿದವರಿಗೆ ಅದರ ನಿಯಮಗಳು ಮರೆತಿರುವುದಿಲ್ಲ. ರಾಜಾಜಿನಗರದ ಸುತ್ತಮುತ್ತ ಯಾವುದೇ ಶಾಲೆ ಇದಕ್ಕೆ ಒಪ್ಪಿದರೂ ಸಂಭಾವನೆಯಿಲ್ಲದೆ ಬಂದು ಕಲಿಸಲು, ಮೈದಾನದ ಬೀಗದ ಕೈಯ ಜವಾಬ್ದಾರಿ ಹೊರಲು ನಾನು ಸಿದ್ಧಳಿದ್ದೇನೆ. ನನ್ನಂತೆಯೇ ನಿವೃತ್ತರಾದ ದೈಹಿಕ ಶಿಕ್ಷಣ ಶಿಕ್ಷಕಿಯರು ನಗರದ ಎಲ್ಲ ಭಾಗಗಳಲ್ಲೂ ಇದ್ದಾರೆ. ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅವರಲ್ಲಿ ಅನೇಕರು ಮುಂದೆ ಬರುತ್ತಾರೆಂಬ ನಂಬಿಕೆ ನನಗಿದೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ರಾಜಾಜಿನಗರ, ಬೆಂಗಳೂರು